ಉಬುಂಟುವಿನಿಂದ ಸ್ನ್ಯಾಪ್ ತೆಗೆಯಿರಿ, ಹಿಂಬಾಗಿಲಿಗೂ ಬೀಗ ಹಾಕಿ

ಉಬುಂಟು 24.04 ಇರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಟ್ಟು ನೋಡಿ. ಒಳಗಿರುವುದು ಒಂದೇ ಡಿಸ್ಕ್ ಆದರೂ ಪಟ್ಟಿಯ ಮೇಲ್ಗಡೆ ಲೂಪ್0, ಲೂಪ್1, ಲೂಪ್2 ಅಂತ ಸಾಲು ಸಾಲು ಬರುತ್ತದೆ. ಬಲಗಡೆ ಒಂದೊಂದರ ಮುಂದೂ /ಸ್ನ್ಯಾಪ್/ಕೋರ್22, /ಸ್ನ್ಯಾಪ್/ಫೈರ್‌ಫಾಕ್ಸ್ ಎಂಬಂಥ ವಿಳಾಸ. ಇವು ಡಿಸ್ಕ್‌ಗಳಲ್ಲ. ಒಂದು ಆ್ಯಪನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಒತ್ತಿ ಕಟ್ಟಿಟ್ಟ ಫೈಲ್‌ಗಳು. ಕಂಪ್ಯೂಟರ್ ಶುರುವಾದಾಗಲೆಲ್ಲ ಆ ಫೈಲ್‌ಗಳು ಡಿಸ್ಕಿನ ಹಾಗೆ ಮೌಂಟ್ ಆಗುತ್ತವೆ. ಈ ಏರ್ಪಾಡಿನ ಹೆಸರೇ ಸ್ನ್ಯಾಪ್. ಹಿನ್ನೆಲೆಯಲ್ಲಿ ಕೂತು ಇದನ್ನೆಲ್ಲ ನೋಡಿಕೊಳ್ಳುವ ಪ್ರೋಗ್ರಾಮ್ ಸ್ನ್ಯಾಪ್‌ಡಿ.

ಉಬುಂಟು ತಯಾರಿಸುವ ಕೆನೋನಿಕಲ್ ಕಂಪನಿಯೇ ಇದನ್ನೂ ಮಾಡಿದ್ದು. 2016ರ 16.04 ಆವೃತ್ತಿಯಿಂದ ಸ್ನ್ಯಾಪ್ ಡೆಸ್ಕ್‌ಟಾಪಿನಲ್ಲಿ ಕಾಣಿಸಿಕೊಂಡಿತು. ಮೊದಲು ಬೇಕಾದವರು ಹಾಕಿಕೊಳ್ಳಲಿ ಅನ್ನುವಂತಿತ್ತು. ಆಮೇಲೆ ಕ್ರೋಮಿಯಂ ಬ್ರೌಸರ್ ಸ್ನ್ಯಾಪ್ ಆಯಿತು. 22.04ರಲ್ಲಿ ಫೈರ್‌ಫಾಕ್ಸ್, 24.04ರಲ್ಲಿ ಮೇಲ್ ಆ್ಯಪ್ ಥಂಡರ್‌ಬರ್ಡ್ ಅದೇ ದಾರಿ ಹಿಡಿದವು. ಈಗ ಹೊಸದಾಗಿ ಉಬುಂಟು ಹಾಕಿದರೆ ಬ್ರೌಸರ್, ಆ್ಯಪ್ ಸ್ಟೋರ್, ಫರ್ಮ್‌ವೇರ್ ಅಪ್‌ಡೇಟರ್ ಎಲ್ಲವೂ ಸ್ನ್ಯಾಪ್‌ನಲ್ಲೇ ಬರುತ್ತವೆ.

ತೆಗೆಯುವ ಕೆಲಸ ಕಷ್ಟವೇನಲ್ಲ, ಒಂದು ಕಮಾಂಡಿನಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಅದು ಮತ್ತೆ ಬಾರದ ಹಾಗೆ ನೋಡಿಕೊಳ್ಳುವುದರಲ್ಲಿ. ಮುಂಬಾಗಿಲಿನಿಂದ ಕಳಿಸಿದ ಸ್ನ್ಯಾಪ್, ನೀವು ಇನ್ನೇನೋ ಇನ್‌ಸ್ಟಾಲ್ ಮಾಡುವಾಗ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅದಕ್ಕೇ ಈ ಲೇಖನದಲ್ಲಿ ಅಳಿಸುವ ಮಾತಿಗಿಂತ ಬೀಗದ ಮಾತು ಜಾಸ್ತಿ ಇದೆ.

ನಿಜವಾಗಿಯೂ ತೆಗೆಯಬೇಕಾ?

ಸ್ನ್ಯಾಪ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆ್ಯಪ್‌ಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡುತ್ತದೆ, ಅಪ್‌ಡೇಟ್ ತಾನೇ ತರುತ್ತದೆ. ಕಂಪ್ಯೂಟರ್ ಬಗ್ಗೆ ತಲೆ ಕೆಡಿಸಿಕೊಳ್ಳದ ಅಪ್ಪ ಅಮ್ಮನ ಲ್ಯಾಪ್‌ಟಾಪಿಗೆ ಅದೇ ಒಳ್ಳೆಯದು.

ಬೇಡ ಅನ್ನುವವರ ಕಾರಣಗಳೂ ಸುಳ್ಳಲ್ಲ. ಹಳೆಯ ಕಂಪ್ಯೂಟರಿನಲ್ಲಿ ಸ್ನ್ಯಾಪ್ ಫೈರ್‌ಫಾಕ್ಸ್ ಮೊದಲ ಸಲ ತೆರೆದುಕೊಳ್ಳಲು ತಡ ಮಾಡುತ್ತದೆ. ಸ್ನ್ಯಾಪ್ ಆ್ಯಪ್‌ಗಳಿಗೆ ನಿಮ್ಮ ಹೋಮ್ ಫೋಲ್ಡರಿನ ಅಡಗಿಸಿಟ್ಟ ಫೈಲ್‌ಗಳು ಕಾಣುವುದಿಲ್ಲ. ಅಂದರೆ ಹೋಮ್‌ನಲ್ಲಿ ನೇರವಾಗಿ ಇರುವ, ಚುಕ್ಕಿಯಿಂದ ಹೆಸರು ಶುರುವಾಗುವ ಫೋಲ್ಡರ್‌ಗಳನ್ನು ಅವು ಸಾಮಾನ್ಯವಾಗಿ ಓದಲಾರವು. ಒಂದು ಆ್ಯಪಿನ ಹೊಸ ಆವೃತ್ತಿ ಬಂದಾಗ ಹಳೆಯದನ್ನೂ ಉಳಿಸಿಕೊಳ್ಳುತ್ತದೆ, ಹಾಗಾಗಿ 64 ಜಿಬಿಯಂಥ ಚಿಕ್ಕ ಡಿಸ್ಕಿನಲ್ಲಿ ಜಾಗ ಬೇಗ ಕರಗುತ್ತದೆ. ಸ್ನ್ಯಾಪ್‌ಡಿಯ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ, ಆದರೆ ಆ್ಯಪ್‌ಗಳನ್ನು ಹಂಚುವ ಸ್ಟೋರಿನ ಸರ್ವರ್ ಮಾತ್ರ ಕೆನೋನಿಕಲ್ ಕೈಯಲ್ಲೇ ಇದೆ. ಅದರ ಕೋಡ್ ಹೊರಗೆ ಬಂದಿಲ್ಲ. ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್‌ನ ತಂಡ 2020ರಲ್ಲಿ ತಮ್ಮ 20ನೇ ಆವೃತ್ತಿಯಿಂದ ಸ್ನ್ಯಾಪನ್ನು ತಡೆದಾಗ ಈ ತಕರಾರೂ ಅದರಲ್ಲಿತ್ತು.

ಇನ್ನು ಆ ನೋಟಿಫಿಕೇಶನ್. ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆದು ಕೂತಿರುತ್ತೀರಿ. ಮೇಲೆ ಒಂದು ಪೆಟ್ಟಿಗೆ ಬರುತ್ತದೆ: ಫೈರ್‌ಫಾಕ್ಸ್ ಸ್ನ್ಯಾಪಿಗೆ ಅಪ್‌ಡೇಟ್ ಕಾದಿದೆ, ತೊಂದರೆ ಬೇಡವೆಂದರೆ ಆ್ಯಪ್ ಮುಚ್ಚಿ, 13 ದಿನ ಬಾಕಿ. ನಾಳೆ ಮತ್ತೆ ಬರುತ್ತದೆ. ನಿಮ್ಮ ತಕರಾರು ಇದೊಂದೇ ಆಗಿದ್ದರೆ ಎಲ್ಲವನ್ನೂ ಕಿತ್ತುಹಾಕುವ ಅಗತ್ಯವಿಲ್ಲ. ಈ ಒಂದು ಸಾಲು ಕೊಟ್ಟರೆ ತಾನಾಗಿ ಆಗುವ ಅಪ್‌ಡೇಟ್ ನಿಲ್ಲುತ್ತದೆ:

ಸುಡೊ ಸ್ನ್ಯಾಪ್ ರಿಫ್ರೆಶ್ --ಹೋಲ್ಡ್

ಆಮೇಲೆ ವಾರಕ್ಕೊಮ್ಮೆ ನೀವೇ ‘ಸುಡೊ ಸ್ನ್ಯಾಪ್ ರಿಫ್ರೆಶ್’ ಕೊಟ್ಟರಾಯಿತು. ಮರೆಯಬೇಡಿ, ಬ್ರೌಸರನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಬಿಡುವುದು ಸರಿಯಲ್ಲ.

ಕೆಲವರು ತೆಗೆಯಲೇಬಾರದು

ಇದನ್ನು ಓದದೆ ಮುಂದೆ ಹೋಗಬೇಡಿ. 23.10ರಿಂದ ಉಬುಂಟು ಹಾಕುವಾಗ ಡಿಸ್ಕನ್ನು, ಕೀ ಕಾಪಾಡುವ ಟಿಪಿಎಂ ಚಿಪ್ ಮೂಲಕ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯೊಂದು ಬಂದಿದೆ. ಅದನ್ನು ಆರಿಸಿಕೊಂಡಿದ್ದರೆ ಸಿಸ್ಟಮಿನ ತಿರುಳಾದ ಕರ್ನಲ್ಲೇ ಸ್ನ್ಯಾಪ್ ಆಗಿರುತ್ತದೆ. ಅಲ್ಲಿ ಸ್ನ್ಯಾಪ್‌ಡಿ ಕಿತ್ತರೆ ಕಂಪ್ಯೂಟರ್ ಮತ್ತೆ ಶುರುವಾಗದೆ ಕೂರಬಹುದು. ಗೊತ್ತುಮಾಡಿಕೊಳ್ಳುವುದು ಸುಲಭ:

ಸ್ನ್ಯಾಪ್ ಲಿಸ್ಟ್

ಬರುವ ಪಟ್ಟಿಯಲ್ಲಿ ‘ಪಿಸಿ-ಕರ್ನಲ್’ ಎಂಬ ಹೆಸರು ಕಂಡರೆ ಇಲ್ಲಿಗೇ ನಿಲ್ಲಿಸಿ. ಮಾಮೂಲಿ ಪಾಸ್‌ವರ್ಡ್ ಕೇಳುವ ಎನ್‌ಕ್ರಿಪ್ಶನ್ ಹಾಕಿಕೊಂಡವರಿಗೆ ಈ ಭಯವಿಲ್ಲ.

ಉಬುಂಟು ಪ್ರೊದ ಲೈವ್‌ಪ್ಯಾಚ್ ಬಳಸುವವರು, ಎಲ್‌ಎಕ್ಸ್‌ಡಿ ಕಂಟೇನರ್ ಓಡಿಸುವವರು ಕೂಡ ಯೋಚಿಸಿ. ಇವೆರಡೂ ಸ್ನ್ಯಾಪ್ ಆಗಿಯೇ ಬರುತ್ತವೆ. ಕಚೇರಿಯ ಕಂಪ್ಯೂಟರ್ ಆದರೆ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ.

ಕಮಾಂಡ್‌ಗಳನ್ನು ಓದುವ ಬಗೆ

ಇಲ್ಲಿ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಅಂದುಕೊಳ್ಳಿ. ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ಸಣ್ಣಕ್ಷರದಲ್ಲಿ. ಸುಡೊ ಅಂದರೆ ಎಸ್, ಯು, ಡಿ, ಒ. ಆಪ್ಟ್ ಅಂದರೆ ಎ, ಪಿ, ಟಿ, ಪ್ಯಾಕೇಜ್ ಹಾಕುವ ತೆಗೆಯುವ ಉಬುಂಟುವಿನ ಮಾಮೂಲಿ ಪ್ರೋಗ್ರಾಮ್. ಪರ್ಜ್ ಅಂದರೆ ಪಿ, ಯು, ಆರ್, ಜಿ, ಇ. ಸ್ನ್ಯಾಪ್‌ಡಿ ಅಂದರೆ ಸ್ನ್ಯಾಪ್ ಪದಕ್ಕೆ ಅಂಟಿಕೊಂಡ ಒಂದು ಡಿ, ನಡುವೆ ಜಾಗ ಬಿಡಬಾರದು. ಎರಡು ಅಡ್ಡಗೆರೆ ಇದ್ದ ಕಡೆ ಎರಡೂ ಬೇಕು. ಕೀಬೋರ್ಡ್ ಕನ್ನಡದಲ್ಲಿದ್ದರೆ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣದಿದ್ದರೆ ಗಾಬರಿ ಬೇಡ, ಅದು ಇರುವುದೇ ಹಾಗೆ.

ಮೊದಲ ಹೆಜ್ಜೆ: ನಿಮ್ಮ ದತ್ತಾಂಶ ಈಚೆಗೆ ತನ್ನಿ

ಪಾಸ್‌ವರ್ಡ್, ಬುಕ್‌ಮಾರ್ಕ್, ತೆರೆದಿಟ್ಟ ಟ್ಯಾಬ್, ಹಳೆಯ ಮೇಲ್: ಇವೆಲ್ಲ ಸ್ನ್ಯಾಪ್ ಆ್ಯಪಿನ ಸ್ವಂತ ಫೋಲ್ಡರಿನಲ್ಲಿರುತ್ತವೆ. ಸ್ನ್ಯಾಪ್ ಹೋದರೆ ಅವೂ ಹೋಗುತ್ತವೆ. ಜನ ಅಳುವುದು ಇಲ್ಲೇ.

ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ. ಫೈಲ್ಸ್ ಆ್ಯಪ್ ತೆರೆದು ಹೋಮ್‌ನಲ್ಲಿರುವ ‘ಸ್ನ್ಯಾಪ್’ ಫೋಲ್ಡರಿಗೆ ಹೋಗಿ. ಅದರೊಳಗೆ ‘ಫೈರ್‌ಫಾಕ್ಸ್’, ಅದರೊಳಗೆ ‘ಕಾಮನ್’. ಅಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಕಂಟ್ರೋಲ್ ಒತ್ತಿಕೊಂಡು ಎಚ್ ಒತ್ತಿ. ಈಗ ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳು ಕಾಣುತ್ತವೆ. ‘.ಮೊಜಿಲ್ಲಾ’ ಎಂಬುದನ್ನು ಕಾಪಿ ಮಾಡಿ ಎರಡು ಕಡೆ ಇಡಿ: ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ನೇರವಾಗಿ ಹೋಮ್ ಫೋಲ್ಡರಿನಲ್ಲಿ. ಹೋಮ್‌ನಲ್ಲಿ ಆಗಲೇ ಒಂದು ‘.ಮೊಜಿಲ್ಲಾ’ ಇದ್ದರೆ ಅದರ ಹೆಸರನ್ನು ಬದಲಿಸಿ, ಆಮೇಲೆ ಹೊಸದನ್ನು ಇಡಿ. ಎರಡನ್ನೂ ಬೆರೆಸಬೇಡಿ. ಪೆನ್‌ಡ್ರೈವ್ ಕೆಲವೊಮ್ಮೆ ಫೈಲ್ ಹೆಸರಿನ ವಿಷಯದಲ್ಲಿ ತಕರಾರು ಮಾಡುತ್ತದೆ. ಹಾಗಾದರೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಕಂಪ್ರೆಸ್ ಮಾಡಿ, ಆ ಒಂದು ಫೈಲನ್ನು ಒಯ್ಯಿರಿ.

ಥಂಡರ್‌ಬರ್ಡ್ ಬಳಸುತ್ತಿದ್ದರೆ ಇದೇ ಕೆಲಸ, ಹೆಸರು ಮಾತ್ರ ಬೇರೆ. ‘ಸ್ನ್ಯಾಪ್’, ‘ಥಂಡರ್‌ಬರ್ಡ್’, ‘ಕಾಮನ್’, ಅದರೊಳಗೆ ‘.ಥಂಡರ್‌ಬರ್ಡ್’. ವರ್ಷಗಟ್ಟಲೆ ಮೇಲ್ ಇದ್ದರೆ ಇದು ಕೆಲವು ಜಿಬಿ ಆಗಿರಬಹುದು, ಕಾಯಿರಿ. ಬೇರೆ ಸ್ನ್ಯಾಪ್ ಆ್ಯಪ್‌ಗಳಿದ್ದರೆ ಅವುಗಳ ಫೋಲ್ಡರನ್ನೂ ಒಮ್ಮೆ ಕಣ್ಣಾಡಿಸಿ. ನಿಮ್ಮ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳು ಹೇಗೂ ಹೊರಗೇ ಇವೆ, ಅವಕ್ಕೇನೂ ಆಗುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡೋಣ. ಸ್ನ್ಯಾಪ್ ಆ್ಯಪ್ ತೆಗೆದಾಗ ಅದು ತಾನೇ ಒಂದು ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತದೆ, 31 ದಿನ ಕಾಯುತ್ತದೆ. ಅದನ್ನು ನಂಬಿ ಬ್ಯಾಕಪ್ ಬಿಟ್ಟವರಿದ್ದಾರೆ. ಆದರೆ ಆ ಸ್ನ್ಯಾಪ್‌ಶಾಟ್ ಇರುವುದು ಸ್ನ್ಯಾಪ್‌ಡಿಯ ಫೋಲ್ಡರಿನಲ್ಲೇ. ಕೊನೆಗೆ ಸ್ನ್ಯಾಪ್‌ಡಿಯನ್ನು ಪರ್ಜ್ ಮಾಡಿದಾಗ ಅದೂ ಜೊತೆಗೇ ಹೋಗುತ್ತದೆ.

ಎರಡನೇ ಹೆಜ್ಜೆ: ಹೊಸ ಫೈರ್‌ಫಾಕ್ಸಿಗೆ ದಾರಿ

ಬ್ರೌಸರ್ ತೆಗೆದ ಮೇಲೆ ಬ್ರೌಸರ್ ಹುಡುಕಲು ಬ್ರೌಸರ್ ಇರುವುದಿಲ್ಲ, ಅಲ್ವಾ? ಹಾಗಾಗಿ ಈ ಏರ್ಪಾಡು ಮೊದಲೇ ಆಗಲಿ.

ಸುಮ್ನೆ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಕೊಟ್ಟರೆ ಸಾಲದಾ? ಸಾಲದು. ಇದೇ ಆ ಹಿಂಬಾಗಿಲು. ಉಬುಂಟುವಿನ ರೆಪೊದಲ್ಲಿ, ಅಂದರೆ ಪ್ಯಾಕೇಜ್‌ಗಳ ಉಗ್ರಾಣದಲ್ಲಿ, ಫೈರ್‌ಫಾಕ್ಸ್ ಹೆಸರಿನ ಒಂದು ಪ್ಯಾಕೇಜ್ ಇದೆ, ಆದರೆ ಅದರೊಳಗೆ ಬ್ರೌಸರ್ ಇಲ್ಲ. ಅದು ಮಾಡುವುದು ಒಂದೇ ಕೆಲಸ: ಸ್ನ್ಯಾಪ್‌ಡಿಯನ್ನು ಕರೆಸಿ, ಫೈರ್‌ಫಾಕ್ಸ್ ಸ್ನ್ಯಾಪನ್ನು ಇಳಿಸುವುದು. ‘ಆಪ್ಟ್ ಪಾಲಿಸಿ ಫೈರ್‌ಫಾಕ್ಸ್’ ಅಂತ ಕೊಟ್ಟು ಅದರ ಆವೃತ್ತಿ ನೋಡಿ. 1:1ಸ್ನ್ಯಾಪ್1 ಅಂತ ಶುರುವಾಗುತ್ತದೆ. ಮುಂದಿರುವ ಆ ಒಂದು ಮತ್ತು ಎರಡು ಚುಕ್ಕಿಯಲ್ಲಿ ಎಲ್ಲ ಮರ್ಮ ಇದೆ. ಉಬುಂಟುವಿಗೆ ಮೂಲವಾದ ಡೆಬಿಯನ್ ಲೋಕದಲ್ಲಿ ಎರಡು ಚುಕ್ಕಿಯ ಎಡಗಡೆಯ ಸಂಖ್ಯೆ ಉಳಿದೆಲ್ಲ ಸಂಖ್ಯೆಗಳಿಗಿಂತ ದೊಡ್ಡದು. ಅದಿಲ್ಲದ ಪ್ಯಾಕೇಜಿಗೆ ಅಲ್ಲಿ ಸೊನ್ನೆ ಇದೆ ಅಂತ ಲೆಕ್ಕ. ಮೊಜಿಲ್ಲಾ ಕೊಡುವ ನಿಜವಾದ ಫೈರ್‌ಫಾಕ್ಸ್ 140 ಇರಲಿ 150 ಇರಲಿ, ಆಪ್ಟ್ ಕಣ್ಣಿಗೆ ಉಬುಂಟುವಿನ ಖಾಲಿ ಪ್ಯಾಕೇಜೇ ಹೊಸದು. ಆದ್ದರಿಂದ ಮೊಜಿಲ್ಲಾದ ರೆಪೊ ಸೇರಿಸಿದರೆ ಮಾತ್ರ ಸಾಲದು, ಅದಕ್ಕೆ ಆದ್ಯತೆಯನ್ನೂ ಕೊಡಬೇಕು.

ಮೊಜಿಲ್ಲಾ 2024ರ ಜನವರಿಯಿಂದ ಮಾಮೂಲಿ ಫೈರ್‌ಫಾಕ್ಸನ್ನು ತನ್ನದೇ ಆಪ್ಟ್ ರೆಪೊದಲ್ಲಿ ಕೊಡುತ್ತಿದೆ. ಅವರ ಸಹಾಯ ತಾಣದಲ್ಲಿ ಲಿನಕ್ಸಿನಲ್ಲಿ ಫೈರ್‌ಫಾಕ್ಸ್ ಹಾಕುವ ಪುಟವಿದೆ. ಅಲ್ಲಿ ಡೆಬಿಯನ್ ಮತ್ತು ಉಬುಂಟು ಭಾಗದ ಕಮಾಂಡ್‌ಗಳನ್ನು ಹಾಗೇ ಕಾಪಿ ಮಾಡಿಕೊಳ್ಳಿ, ಉದ್ದನೆಯವು, ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ. ಅವು ಏನು ಮಾಡುತ್ತವೆ ಅಂತ ಗೊತ್ತಿದ್ದರೆ ಸಾಕು. ಮೊದಲು ಕೀ ಇಡಲು ಒಂದು ಫೋಲ್ಡರ್ ಮಾಡುತ್ತವೆ. ಆಮೇಲೆ ಮೊಜಿಲ್ಲಾದ ಸಹಿಯ ಕೀ ಇಳಿಸುತ್ತವೆ. ಇನ್ನೊಂದು ಸಾಲು ಆ ಕೀಯ ಬೆರಳಚ್ಚು ಸರಿಯಿದೆಯಾ ಅಂತ ನೋಡುತ್ತದೆ, ಅದನ್ನು ಹಾರಿಸಬೇಡಿ. ಆಮೇಲೆ ರೆಪೊದ ವಿಳಾಸ ಸೇರಿಸುತ್ತವೆ. ಕೊನೆಯದಾಗಿ ಆದ್ಯತೆಯ ಫೈಲ್ ಬರೆಯುತ್ತವೆ. ಆ ಫೈಲಿನಲ್ಲಿ ಇರುವುದು ಇಷ್ಟೇ:

ಪ್ಯಾಕೇಜ್: *
ಪಿನ್: ಒರಿಜಿನ್ ಪ್ಯಾಕೇಜಸ್.ಮೊಜಿಲ್ಲಾ.ಆರ್ಗ್
ಪಿನ್-ಪ್ರಯಾರಿಟಿ: 1000

ಈ 1000 ಸುಮ್ನೆ ಬರೆದ ದೊಡ್ಡ ಸಂಖ್ಯೆಯಲ್ಲ. ಆಪ್ಟ್ ಮಾಮೂಲಿಯಾಗಿ ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವುದಿಲ್ಲ. ಆದ್ಯತೆ 1000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಇಳಿಯಲು ಒಪ್ಪುತ್ತದೆ. 990 ಕೊಟ್ಟಿದ್ದರೆ, ಖಾಲಿ ಪ್ಯಾಕೇಜ್ ಆಗಲೇ ಕೂತಿರುವ ಕಂಪ್ಯೂಟರಿನಲ್ಲಿ ಕೆಲಸ ನಡೆಯುತ್ತಿರಲಿಲ್ಲ.

‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಮತ್ತೆ ‘ಆಪ್ಟ್ ಪಾಲಿಸಿ ಫೈರ್‌ಫಾಕ್ಸ್’ ಕೊಟ್ಟು ಕ್ಯಾಂಡಿಡೇಟ್ ಎಂಬ ಸಾಲು ಓದಿ. ಅಲ್ಲಿ ಸ್ನ್ಯಾಪ್ ಎಂಬ ಪದ ಹೋಗಿ ಮಾಮೂಲಿ ಫೈರ್‌ಫಾಕ್ಸ್ ಆವೃತ್ತಿ ಬಂದಿದ್ದರೆ ಗೆದ್ದಿರಿ. ಇನ್‌ಸ್ಟಾಲ್ ಮಾತ್ರ ಈಗ ಬೇಡ, ಸ್ನ್ಯಾಪ್ ಹೋಗಲಿ.

ಮೊಜಿಲ್ಲಾ ತಾಣದಿಂದ ನೇರವಾಗಿ ಒತ್ತಿ ಕಟ್ಟಿದ ಟಾರ್ ಫೈಲ್ ಇಳಿಸಿ ಹೋಮ್ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳುವ ದಾರಿಯೂ ಇದೆ. ಆದರೆ 24.04ರಲ್ಲಿ ಆ್ಯಪ್‌ಗಳಿಗೆ ಮಿತಿ ಹಾಕುವ ಆ್ಯಪ್‌ಆರ್ಮರ್‌ನ ನಿಯಮ ಬಿಗಿಯಾಗಿದೆ. ಹೋಮ್‌ನಿಂದ ಓಡಿಸಿದ ಫೈರ್‌ಫಾಕ್ಸ್ ತನ್ನ ಭದ್ರತೆ ಪೂರ್ತಿ ಕೆಲಸ ಮಾಡುತ್ತಿಲ್ಲ ಅಂತ ಎಚ್ಚರಿಕೆ ತೋರಿಸುತ್ತದೆ. ರೆಪೊ ದಾರಿಯೇ ವಾಸಿ.

ಮೂರನೇ ಹೆಜ್ಜೆ: ಒಂದೊಂದಾಗಿ ತೆಗೆಯಿರಿ

‘ಸ್ನ್ಯಾಪ್ ಲಿಸ್ಟ್’ ಮತ್ತೆ ಕೊಟ್ಟು ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೀವು ಬಳಸುವ ಆ್ಯಪ್‌ಗಳ ಜೊತೆ ಗುರುತಿಲ್ಲದ ಹೆಸರುಗಳೂ ಇರುತ್ತವೆ: ಬೇರ್, ಕೋರ್22, ಗ್ನೋಮ್-42-2204, ಜಿಟಿಕೆ-ಕಾಮನ್-ಥೀಮ್ಸ್. ಇವು ಆ್ಯಪ್‌ಗಳಲ್ಲ, ಆ್ಯಪ್‌ಗಳು ನಿಂತಿರುವ ನೆಲ. ಮೇಲೆ ಆ್ಯಪ್ ಇರುವ ತನಕ ಕೋರ್22ರಂಥವನ್ನು ತೆಗೆಯಲು ಬಿಡುವುದಿಲ್ಲ, ಇಂಥ ಸ್ನ್ಯಾಪ್ ಬಳಸುತ್ತಿದೆ ಅಂತ ಹೆಸರು ಹೇಳಿ ನಿರಾಕರಿಸುತ್ತದೆ. ಹಾಗಾಗಿ ಮೇಲಿನಿಂದ ಕೆಳಗೆ ಬನ್ನಿ.

ಮೊದಲು ಆ್ಯಪ್‌ಗಳು:

ಸುಡೊ ಸ್ನ್ಯಾಪ್ ರಿಮೂವ್ --ಪರ್ಜ್ ಫೈರ್‌ಫಾಕ್ಸ್

ಇದೇ ಸಾಲಿನ ಕೊನೆಯ ಹೆಸರು ಬದಲಿಸುತ್ತ ಥಂಡರ್‌ಬರ್ಡ್, ಸ್ನ್ಯಾಪ್-ಸ್ಟೋರ್, ಫರ್ಮ್‌ವೇರ್-ಅಪ್‌ಡೇಟರ್, ಸ್ನ್ಯಾಪ್‌ಡಿ-ಡೆಸ್ಕ್‌ಟಾಪ್-ಇಂಟಿಗ್ರೇಶನ್ ಮತ್ತು ನೀವೇ ಹಾಕಿಕೊಂಡವು. ಆಮೇಲೆ ಜಿಟಿಕೆ ಥೀಮ್‌ಗಳು, ಗ್ನೋಮ್ ಹೆಸರಿನವು. ಆಮೇಲೆ ಕೋರ್ ಹೆಸರಿನವು ಮತ್ತು ಬೇರ್. ಕಟ್ಟಕಡೆಗೆ ಸ್ನ್ಯಾಪ್‌ಡಿ ಎಂಬ ಸ್ನ್ಯಾಪ್. ನಿಮ್ಮ ಪಟ್ಟಿಯಲ್ಲಿ ಸಂಖ್ಯೆಗಳು ಬೇರೆ ಇರಬಹುದು, ಕೋರ್20 ಇರಬಹುದು, ಕೋರ್24 ಇರಬಹುದು. ಪಟ್ಟಿಯಲ್ಲಿ ಇದ್ದ ಹಾಗೇ ಬರೆಯಿರಿ.

ಮಧ್ಯೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಾಮಾನ್ಯವಾಗಿ ಆ ಆ್ಯಪ್ ಎಲ್ಲೋ ತೆರೆದಿರುತ್ತದೆ. ಮುಚ್ಚಿ ಮತ್ತೆ ಕೊಡಿ. ಆಗಲಿಲ್ಲವೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮುಂದುವರಿಸಿ. ನೇರವಾಗಿ ಸ್ನ್ಯಾಪ್‌ಡಿಯನ್ನೇ ಪರ್ಜ್ ಮಾಡಿದರೆ ಅದು ಎಲ್ಲವನ್ನೂ ಎತ್ತಿ ಹಾಕುತ್ತದಲ್ಲ ಅಂತ ಬಲ್ಲವರು ಕೇಳಬಹುದು. ಹೌದು, ಹಾಕುತ್ತದೆ. ಆದರೆ ಒಂದೊಂದಾಗಿ ತೆಗೆಯುವಾಗ ‘ಅಯ್ಯೋ, ಇದನ್ನು ನಾನು ಬಳಸ್ತೀನಲ್ಲ’ ಅಂತ ನೆನಪಾಗಲು ಅವಕಾಶ ಇರುತ್ತದೆ. ನನಗೆ ಈ ನಿಧಾನವೇ ಇಷ್ಟ.

ನಾಲ್ಕನೇ ಹೆಜ್ಜೆ: ಸ್ನ್ಯಾಪ್‌ಡಿ

ಮೊದಲು ನಾಟಕ ಮಾಡಿ ನೋಡಿ:

ಆಪ್ಟ್ -ಎಸ್ ಪರ್ಜ್ ಸ್ನ್ಯಾಪ್‌ಡಿ

ಎಸ್ ಇದ್ದರೆ ಆಪ್ಟ್ ಏನನ್ನೂ ತೆಗೆಯುವುದಿಲ್ಲ, ಏನೇನು ತೆಗೆಯಬೇಕಾಗುತ್ತದೆ ಅಂತ ಪಟ್ಟಿ ಮಾತ್ರ ಹೇಳುತ್ತದೆ. ಆ ಪಟ್ಟಿ ಓದಿ. ಸ್ನ್ಯಾಪ್‌ಡಿ ಒಂದೇ ಇದ್ದರೆ ಅಥವಾ ಸ್ನ್ಯಾಪ್ ಎಂಬ ಹೆಸರಿನ ಒಂದೆರಡು ಪ್ಲಗಿನ್ ಇದ್ದರೆ ಚಿಂತೆಯಿಲ್ಲ. ‘ಉಬುಂಟು-ಡೆಸ್ಕ್‌ಟಾಪ್’ ಎಂದು ಶುರುವಾಗುವ ಹೆಸರು ಕಂಡರೆ ನಿಂತು ಯೋಚಿಸಿ. ಅದೊಂದು ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಮ್ ಏನೂ ಇಲ್ಲ, ಡೆಸ್ಕ್‌ಟಾಪಿಗೆ ಏನೇನು ಬೇಕು ಅನ್ನುವ ಪಟ್ಟಿ ಮಾತ್ರ ಇದೆ. ಅದು ಹೋದ ಕ್ಷಣಕ್ಕೆ ಏನೂ ಆಗುವುದಿಲ್ಲ. ಆದರೆ ಆಮೇಲೆ ಅಭ್ಯಾಸಬಲದಿಂದ ‘ಆಪ್ಟ್ ಆಟೊರಿಮೂವ್’ ಕೊಟ್ಟರೆ, ಯಾರಿಗೂ ಬೇಡವಾದವು ಅಂತ ಡೆಸ್ಕ್‌ಟಾಪಿನ ಭಾಗಗಳನ್ನೂ ಆಪ್ಟ್ ಗುಡಿಸಿಬಿಡಬಹುದು. ಆಟೊರಿಮೂವ್ ಕೊಡಲೇಬೇಕೆಂದರೆ ಅದನ್ನೂ ಮೊದಲು -ಎಸ್ ಹಾಕಿ ನೋಡಿ.

ಪಟ್ಟಿ ಒಪ್ಪಿಗೆಯಾದರೆ:

ಸುಡೊ ಆಪ್ಟ್ ಪರ್ಜ್ ಸ್ನ್ಯಾಪ್‌ಡಿ

ರಿಮೂವ್ ಅಲ್ಲ, ಪರ್ಜ್. ರಿಮೂವ್ ಪ್ರೋಗ್ರಾಮನ್ನು ತೆಗೆದು ಸೆಟ್ಟಿಂಗ್ ಉಳಿಸುತ್ತದೆ, ಪರ್ಜ್ ಎರಡನ್ನೂ ತೆಗೆಯುತ್ತದೆ. ಹೋಮ್‌ನಲ್ಲಿರುವ ‘ಸ್ನ್ಯಾಪ್’ ಫೋಲ್ಡರ್ ಇನ್ನೂ ಉಳಿದಿದ್ದರೆ ಹಾಗೇ ಇರಲಿ. ಎಲ್ಲ ಸರಿಯಿದೆ ಅಂತ ಗೊತ್ತಾದ ಮೇಲೆ ಅಳಿಸಿದರಾಯಿತು, ಅವಸರ ಏನಿದೆ?

ಐದನೇ ಹೆಜ್ಜೆ: ಬೀಗ

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡವರ ಕಂಪ್ಯೂಟರಿನಲ್ಲಿ ಆರು ತಿಂಗಳ ನಂತರ ಸ್ನ್ಯಾಪ್ ಮತ್ತೆ ಕೂತಿರುತ್ತದೆ. ಫೈರ್‌ಫಾಕ್ಸ್ ಥರದ್ದೇ ಖಾಲಿ ಪ್ಯಾಕೇಜ್‌ಗಳು ಕ್ರೋಮಿಯಂಗೂ ಇವೆ, 24.04ರಲ್ಲಿ ಥಂಡರ್‌ಬರ್ಡಿಗೂ ಇವೆ. ಯಾವುದನ್ನು ಇನ್‌ಸ್ಟಾಲ್ ಮಾಡಿದರೂ ಸ್ನ್ಯಾಪ್‌ಡಿ ಹಿಂದೆಯೇ ಬರುತ್ತದೆ. ಒಂದೊಂದನ್ನೂ ನೆನಪಿಟ್ಟುಕೊಳ್ಳುವ ಬದಲು ಸ್ನ್ಯಾಪ್‌ಡಿಗೇ ಬೀಗ ಹಾಕುವುದು ಸುಲಭ. ಲಿನಕ್ಸ್ ಮಿಂಟ್ ಬಳಸುವುದೂ ಇದೇ ಉಪಾಯ.

ಸುಡೊ ನ್ಯಾನೊ /ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ/ನೊಸ್ನ್ಯಾಪ್.ಪ್ರೆಫ್

ಕೊನೆಯ ಭಾಗ ಎನ್, ಒ, ಆಮೇಲೆ ಸ್ನ್ಯಾಪ್, ಚುಕ್ಕಿ, ಆಮೇಲೆ ಪಿ, ಆರ್, ಇ, ಎಫ್. ಈ ಬಾಲ ಮುಖ್ಯ. ಕೊನೆಗೆ ಟಿಎಕ್ಸ್‌ಟಿ ಅಂತ ಕೊಟ್ಟರೆ ಆಪ್ಟ್ ಆ ಫೈಲನ್ನು ಓದುವುದೇ ಇಲ್ಲ. ನ್ಯಾನೊ ಎಂಬ ಎಡಿಟರ್ ತೆರೆದ ಖಾಲಿ ಪರದೆಯಲ್ಲಿ ಮೂರು ಸಾಲು ಬರೆಯಿರಿ:

ಪ್ಯಾಕೇಜ್: ಸ್ನ್ಯಾಪ್‌ಡಿ
ಪಿನ್: ರಿಲೀಸ್ ಎ=*
ಪಿನ್-ಪ್ರಯಾರಿಟಿ: -10

ಈ ಫೈಲಿನಲ್ಲಿ ಮಾತ್ರ ಪ್ಯಾಕೇಜ್, ಪಿನ್, ಪ್ರಯಾರಿಟಿ ಎಂಬ ಪದಗಳ ಮೊದಲ ಅಕ್ಷರ ದೊಡ್ಡದು. ಎರಡು ಚುಕ್ಕಿಯ ನಂತರ ಒಂದು ಜಾಗ ಬಿಡಿ. ‘ಎ’ ಅನ್ನುವುದು ಒಂಟಿ ಇಂಗ್ಲಿಷ್ ಅಕ್ಷರ, ಸಣ್ಣದು. ಹತ್ತರ ಹಿಂದಿನ ಮೈನಸ್ ಬಿಟ್ಟುಹೋದರೆ ಬೀಗ ಬೀಳುವುದಿಲ್ಲ, ಏಕೆಂದರೆ ಆದ್ಯತೆ ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ಆಪ್ಟ್ ಆ ಪ್ಯಾಕೇಜನ್ನು ಮುಟ್ಟುವುದಿಲ್ಲ. ಕಂಟ್ರೋಲ್ ಒ, ಎಂಟರ್, ಕಂಟ್ರೋಲ್ ಎಕ್ಸ್ ಒತ್ತಿ ಉಳಿಸಿ ಹೊರಬನ್ನಿ.

ಬೀಗ ಬಿದ್ದಿದೆಯಾ ಅಂತ ಎಳೆದು ನೋಡಿ:

ಆಪ್ಟ್ ಪಾಲಿಸಿ ಸ್ನ್ಯಾಪ್‌ಡಿ

ಕ್ಯಾಂಡಿಡೇಟ್ ಮುಂದೆ ‘ನನ್’ ಅಂದರೆ ಏನೂ ಇಲ್ಲ ಅಂತ ಬಂದಿರಬೇಕು. ಸಂಖ್ಯೆ ಬಂದಿದ್ದರೆ ಫೈಲಿನಲ್ಲಿ ಏನೋ ತಪ್ಪಿದೆ, ಮತ್ತೆ ನೋಡಿ. ಇನ್ನು ಮುಂದೆ ಕೈತಪ್ಪಿ ಖಾಲಿ ಪ್ಯಾಕೇಜನ್ನು ಕೇಳಿದರೂ, ಸ್ನ್ಯಾಪ್‌ಡಿ ಸಿಗುತ್ತಿಲ್ಲ ಅಂತ ಹೇಳಿ ಆಪ್ಟ್ ಅಲ್ಲೇ ನಿಲ್ಲಿಸುತ್ತದೆ. ಕೆಂಪಕ್ಷರದ ಆ ದೂರು ಕಂಡರೆ ಬೀಗ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಖಾಲಿಯಾದ ಜಾಗ ತುಂಬುವುದು

ಈಗ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಕೊಡಿ. ಮೆನು ಕನ್ನಡದಲ್ಲಿ ಬೇಕಿದ್ದರೆ ಅದೇ ಮೊಜಿಲ್ಲಾ ರೆಪೊದಲ್ಲಿ ‘ಫೈರ್‌ಫಾಕ್ಸ್-ಎಲ್10ಎನ್-ಕೆಎನ್’ ಎಂಬ ಪ್ಯಾಕೇಜ್ ಇದೆ, ಜೊತೆಗೆ ಹಾಕಿಕೊಳ್ಳಿ. ತೆರೆದಾಗ ಬುಕ್‌ಮಾರ್ಕ್ ಒಂದೂ ಕಾಣದೆ ಹೊಸ ಮನೆಯ ಥರ ಇದ್ದರೆ ಎದೆ ಒಡೆದುಕೊಳ್ಳಬೇಡಿ. ಫೈರ್‌ಫಾಕ್ಸ್ ಪ್ರತಿ ಹೊಸ ಇನ್‌ಸ್ಟಾಲಿಗೂ ಬೇರೆ ಪ್ರೊಫೈಲ್ ಮಾಡಿಕೊಳ್ಳುವುದುಂಟು. ಅಡ್ರೆಸ್ ಪಟ್ಟಿಯಲ್ಲಿ ‘ಅಬೌಟ್:ಪ್ರೊಫೈಲ್ಸ್’ ಅಂತ ಬರೆದು ಎಂಟರ್ ಒತ್ತಿ. ಅಲ್ಲಿ ಹಳೆಯ ಪ್ರೊಫೈಲ್ ಇರುತ್ತದೆ. ಅದನ್ನು ಡೀಫಾಲ್ಟ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಎಡಗಡೆಯ ಡಾಕ್‌ನಿಂದ ಹಳೆಯ ಐಕಾನ್ ಹೋಗಿರುತ್ತದೆ, ಹೊಸದನ್ನು ಪಿನ್ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ವೆಬ್ ಎಂಬಲ್ಲಿ ಫೈರ್‌ಫಾಕ್ಸ್ ಆರಿಸಿ, ಇಲ್ಲದಿದ್ದರೆ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದಾಗ ಏನೂ ತೆರೆಯದೇ ಇರಬಹುದು.

ಆ್ಯಪ್ ಸ್ಟೋರ್ ಬೇಕೆಂದರೆ ಗ್ನೋಮ್ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ --ನೊ-ಇನ್‌ಸ್ಟಾಲ್-ರೆಕಮೆಂಡ್ಸ್ ಗ್ನೋಮ್-ಸಾಫ್ಟ್‌ವೇರ್

ನಡುವಿನ ಆ ಉದ್ದದ ಆಯ್ಕೆ ಇದ್ದರೆ ಜೊತೆಗೆ ಬರಬಹುದಾದ ಬೇಡದ ಸಾಮಾನು ಬರುವುದಿಲ್ಲ. ರೆಪೊದಲ್ಲಿಲ್ಲದ ಆ್ಯಪ್‌ಗಳಿಗೆ ಫ್ಲ್ಯಾಟ್‌ಪ್ಯಾಕ್ ಇದೆ, ಸ್ನ್ಯಾಪ್ ಥರದ್ದೇ ಇನ್ನೊಂದು ಏರ್ಪಾಡು. ಅದನ್ನೂ ಅದರ ಗ್ನೋಮ್ ಪ್ಲಗಿನ್ನನ್ನೂ ಆಪ್ಟ್ ಮೂಲಕವೇ ಹಾಕಿ, ಅದರ ಸ್ಟೋರ್ ಆದ ಫ್ಲ್ಯಾಟ್‌ಹಬ್ ಸೇರಿಸಿದರೆ ಥಂಡರ್‌ಬರ್ಡ್, ಕ್ರೋಮಿಯಂ ಎಲ್ಲ ಸಿಗುತ್ತವೆ. ಆದರೆ ಜಾಗ ಉಳಿಸಲು ಸ್ನ್ಯಾಪ್ ತೆಗೆದವರು ಒಂದು ವಿಷಯ ತಿಳಿದಿರಿ: ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳೂ ತಮ್ಮ ರನ್‌ಟೈಮ್ ಹೊತ್ತುಕೊಂಡೇ ಬರುತ್ತವೆ. ಒಂದೇ ಆ್ಯಪಿಗಾಗಿ ಹಾಕಿದರೆ ಉಳಿಸಿದ ಜಾಗದಲ್ಲಿ ಒಳ್ಳೆಯ ಪಾಲು ಅಲ್ಲೇ ಹೋಗುತ್ತದೆ. ಫರ್ಮ್‌ವೇರ್ ಅಪ್‌ಡೇಟರ್ ಹೋಯಿತಲ್ಲ ಅಂತ ಚಿಂತೆ ಬೇಡ, ನಿಜವಾದ ಕೆಲಸಗಾರ ಎಫ್‌ಡಬ್ಲ್ಯುಯುಪಿಡಿ ಇನ್ನೂ ಇದ್ದಾನೆ. ‘ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಅಪ್‌ಡೇಟ್’ ಕೊಟ್ಟರೆ ಸಾಕು.

ರೀಸ್ಟಾರ್ಟ್ ಮಾಡಿ, ಮತ್ತೆ ‘ಎಲ್‌ಎಸ್‌ಬಿಎಲ್‌ಕೆ’ ಕೊಡಿ. ಸ್ನ್ಯಾಪ್ ಹೆಸರಿನ ಲೂಪ್ ಒಂದೂ ಇರಬಾರದು.

ದೊಡ್ಡ ಅಪ್‌ಗ್ರೇಡ್ ಮತ್ತು ಮನಸ್ಸು ಬದಲಾದರೆ

ಉಬುಂಟುವಿನ ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೋಗುವಾಗ ಅಪ್‌ಗ್ರೇಡರ್ ಹೊರಗಿನ ರೆಪೊಗಳನ್ನು ನಿಲ್ಲಿಸುತ್ತದೆ. ಮೊಜಿಲ್ಲಾದ್ದೂ ಅದರಲ್ಲಿ ಸೇರಿದೆ. ಅಪ್‌ಗ್ರೇಡ್ ಮುಗಿದ ಮೇಲೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು ಅದನ್ನು ಮತ್ತೆ ಚಾಲೂ ಮಾಡಿ. ಬಿಟ್ಟರೆ ಬ್ರೌಸರಿಗೆ ಅಪ್‌ಡೇಟ್ ಬರುವುದು ನಿಂತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಜೊತೆಗೆ ಸ್ನ್ಯಾಪ್‌ಡಿ ಮತ್ತು ಫೈರ್‌ಫಾಕ್ಸ್ ಎರಡಕ್ಕೂ ‘ಆಪ್ಟ್ ಪಾಲಿಸಿ’ ಕೊಟ್ಟು ಕ್ಯಾಂಡಿಡೇಟ್ ಸಾಲನ್ನು ಇನ್ನೊಮ್ಮೆ ನೋಡಿ.

ಮುಂದೆಂದಾದರೂ ಸ್ನ್ಯಾಪ್‌ನಲ್ಲಿ ಮಾತ್ರ ಸಿಗುವ ಆ್ಯಪ್ ಬೇಕಾಯಿತು ಅನ್ನಿ. ನೊಸ್ನ್ಯಾಪ್.ಪ್ರೆಫ್ ಫೈಲನ್ನು ಅಳಿಸಿ, ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು, ‘ಸುಡೊ ಆಪ್ಟ್ ಇನ್‌ಸ್ಟಾಲ್ ಸ್ನ್ಯಾಪ್‌ಡಿ’ ಕೊಡಿ. ಒಮ್ಮೆ ಲಾಗೌಟ್ ಆಗಿ ಬಂದರೆ ಸ್ನ್ಯಾಪ್ ಸಿದ್ಧ. ಮೊಜಿಲ್ಲಾದ ಆದ್ಯತೆಯ ಫೈಲನ್ನು ಮಾತ್ರ ಮುಟ್ಟಬೇಡಿ, ಫೈರ್‌ಫಾಕ್ಸ್ ಈಗಿರುವಂತೆಯೇ ಉಳಿಯುತ್ತದೆ.